ನೀಲವ್ವ ಹೇಳಿದ್ದು

ನನ್ನದೆಂದು ಹೇಳಿಕೊಂಡ ಆ ಮಾತು ನನ್ನದಲ್ಲ. ಕಡಿಯಾಳಿಯ ಒಂದು ಮಹಡಿಯ ಹಾಲಿನಲ್ಲಿ ನಡೆಯುತ್ತಿದ್ದ ನನ್ನ ಭಾನುವಾರದ ತರಗತಿಗೆ ಬಂದವರು, ಕಾಪುವಿನಲ್ಲಿ, ಕಾರ್ಕಳದಲ್ಲಿ ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದವರು — ನಿಮಗೆಲ್ಲ ನಾನು ಸುಳ್ಳು ಹೇಳಿದೆ. ಆ ಮಾತು ನಮ್ಮ ಹಾಲ್ ಗುಡಿಸುತ್ತಿದ್ದ ನೀಲವ್ವನದು.

ಎರಡು ಸಾವಿರದ ನಾಲ್ಕನೆಯ ಇಸವಿ ಇರಬೇಕು. ಶಾಲೆಯ ಟೀಚರಾಗಿದ್ದ ನಾನು ಒಂದು ಶಿಬಿರಕ್ಕೆ ಹೋಗಿ ಟ್ಯಾಪಿಂಗ್ ಕಲಿತು ಬಂದಿದ್ದೆ. ಹುಬ್ಬಿನ ಬದಿ, ಕಣ್ಣಿನ ಕೆಳಗೆ, ಕೊರಳ ಎಲುಬಿನ ಹತ್ತಿರ ಬೆರಳ ತುದಿಯಿಂದ ತಟ್ಟುತ್ತಾ, ಮನಸ್ಸನ್ನು ಕೊರೆಯುವ ಸಂಗತಿಯನ್ನು ಬಾಯಿಬಿಟ್ಟು ಹೇಳಿಕೊಳ್ಳುವ ಕ್ರಮ ಅದು. ಆದರೆ ಇಂಗ್ಲಿಷಿನಿಂದ ನಾನು ಮಾಡಿಕೊಂಡ ವಾಕ್ಯ ಒಣ ಕಟ್ಟಿಗೆಯಂತಿತ್ತು: ‘ನನ್ನಲ್ಲಿ ಈ ಕೊರತೆ ಇದ್ದಾಗ್ಯೂ ನಾನು ನನ್ನನ್ನು ಸಂಪೂರ್ಣವಾಗಿ ಸ್ವೀಕರಿಸುತ್ತೇನೆ.’ ಬಂದವರು ಅದನ್ನು ಮಗ್ಗಿಯಂತೆ ಒಪ್ಪಿಸಿ ಮನೆಗೆ ಹೋಗುತ್ತಿದ್ದರು.

ನೀಲವ್ವ ಗದಗದ ಕಡೆಯವಳು. ಗಂಡ ಮಣಿಪಾಲದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಅವಳ ಕೆನ್ನೆಯ ಮೇಲೆ, ತುಟಿಯ ಸುತ್ತ ತೊನ್ನಿನ ಬಿಳಿ ಮಚ್ಚೆ. ಸೆರಗನ್ನು ಮೂಗಿನವರೆಗೆ ಎಳೆದುಕೊಂಡೇ ಗುಡಿಸುವಳು. ತರಗತಿ ಮುಗಿಯುವವರೆಗೆ ಹೊರಗೆ ಮೆಟ್ಟಿಲ ಮೇಲೆ ಕೂತಿರುವಳು. ಒಳಗೆ ಬಾ ಎಂದು ನಾನು ಒಮ್ಮೆಯಾದರೂ — ಇಲ್ಲ, ಕರೆಯಲಿಲ್ಲ.

ಒಂದು ಭಾನುವಾರ ಬೇಗ ಬಂದೆ. ಅವಳು ಸೆರಗು ಇಳಿಸಿ ಕಿಟಕಿಯ ಗಾಜಿನೆದುರು ನಿಂತಿದ್ದಳು. ನಾನು ಕಲಿಸುತ್ತಿದ್ದ ಜಾಗಗಳಲ್ಲೇ ತಟ್ಟಿಕೊಳ್ಳುತ್ತಿದ್ದಳು. ಮಾತು ಮಾತ್ರ ಅವಳದೇ.

“ಈ ಮಾರಿ ನಂದ. ಮುಚ್ಚಿಡಾಕ ನಾ ಏನ್ ಕಳವು ಮಾಡೀನೇನು?”

ಮತ್ತೆ ಮತ್ತೆ ಅದೇ. ಮೊದಲು ನಡುಗುತ್ತಿದ್ದ ದನಿ ಕೊನೆಕೊನೆಗೆ ನಿಗುರಿ ನಿಂತಿತು. ನಾನು ಸದ್ದಿಲ್ಲದೆ ಕೆಳಗಿಳಿದು, ಸ್ವಲ್ಪ ಹೊತ್ತು ಬಿಟ್ಟು ಏನೂ ಕಾಣದವಳಂತೆ ಮೇಲೆ ಬಂದೆ.

ಅಂದಿನ ತರಗತಿಯಲ್ಲೇ ಅದನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿ ಹೇಳಿಸಿದೆ: ‘ಈ ಮುಖ ನನ್ನದು. ಮುಚ್ಚಿಡಲು ನಾನೇನು ಕಳವು ಮಾಡಿದ್ದೇನೆಯೇ?’ ಕಾರ್ಕಳದಿಂದ ಬರುತ್ತಿದ್ದ ಒಬ್ಬರು — ಗಂಡಿನ ಕಡೆಯವರು ಬಣ್ಣ ನೋಡಿ ಬೇಡವೆಂದ ಮೇಲೆ ಒಂದು ಫೋಟೋಕ್ಕೂ ನಿಲ್ಲದವರು — ಬಿಕ್ಕಿ ಬಿಕ್ಕಿ ಅತ್ತರು. ಮತ್ತೆ ಕಣ್ಣೊರೆಸಿಕೊಂಡು ಕೇಳಿದರು: “ಎಂತ ಮಾತು ಟೀಚರ್ ಇದು! ಎಲ್ಲಿ ಸಿಕ್ಕಿತು ನಿಮಗೆ?”

ನೀಲವ್ವ ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದಳು. ನಾನು ಅವಳನ್ನು ನೋಡಿದೆ. ನೋಡಿಯೇ ಹೇಳಿದೆ:

“ನನ್ನದೇ. ಕನ್ನಡಿಯೆದುರು ನಿಂತಾಗ ಹೊಳೆಯಿತು.”

ಅಲ್ಲಿಂದ ಆ ಮಾತಿನಿಂದಲೇ ನನ್ನನ್ನು ಗುರುತಿಸತೊಡಗಿದರು. ನೀಲವ್ವ ಅಂದೂ ಎಂದಿನಂತೆ ಹಾಲ್ ಗುಡಿಸಿದಳು. ಕೆಲವು ತಿಂಗಳಲ್ಲಿ ಕೆಲಸ ಬಿಟ್ಟು ಹೋದಳು. ನಿಜ ಹೇಳಲೇ? — ನನಗೆ ನಿರಾಳವಾಯಿತು.

ಐದು ವರ್ಷದ ಮೇಲೆ ಮಣಿಪಾಲದ ಒಂದು ಹಾಸ್ಟೆಲಿನಲ್ಲಿ ಮಾತನಾಡಲು ಹೋದೆ. ಮೆಸ್ಸಿನ ಕೌಂಟರಿನಲ್ಲಿ ನೀಲವ್ವ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಬಿಳುಪು ಹಣೆಗೂ ಹಬ್ಬಿತ್ತು. ತಟ್ಟಿದರೆ ಮಚ್ಚೆ ಹೋಗುವುದಿಲ್ಲ, ಹೋಗುತ್ತದೆಂದು ನಾನೂ ಯಾರಿಗೂ ಹೇಳಿರಲಿಲ್ಲ. ಅವಳು ಮಾತ್ರ ತಲೆಯೆತ್ತಿ ಒಬ್ಬೊಬ್ಬರ ಮುಖ ನೋಡಿ ಬಡಿಸುತ್ತಿದ್ದಳು, ಅರ್ಧ ಊಟಕ್ಕೇ ಎದ್ದವರನ್ನು ಗದರುತ್ತಿದ್ದಳು. ಹುಡುಗಿಯರಿಗೆಲ್ಲ ಅವಳು ನೀಲಕ್ಕ. ನನ್ನ ಎದೆ ಉಬ್ಬಿತು. ಹಿಂದೆಯೇ, ತಲೆ ತಗ್ಗಿತು.

ಬಡಿಸಿ ಮುಗಿಸುವವರೆಗೆ ಕಾದು ನಿಂತು, ಮಾಡಿದ್ದನ್ನು ಹೇಳಿ ಕ್ಷಮೆ ಕೇಳಿದೆ. ಅವಳು ಕೈ ಒರೆಸಿಕೊಂಡಳು.

“ಮಾತು ಒಯ್ದದ್ದಕ್ಕ ಸಿಟ್ಟಿಲ್ರಿ ಅಕ್ಕಾರ. ಆದ್ರ ಅವತ್ತ ನನ್ನ ಹೆಸರ ಹೇಳಿದ್ರ, ನಾ ಒಳಗ ಬಂದು ಕುಂದರತಿದ್ದೆ.”

ಈಗಲಾದರೂ ಬಾ, ನನ್ನ ಜೊತೆ ವೇದಿಕೆಗೆ ಬಾ ಎಂದು ಕರೆದೆ. ಕೆಲಸ ಐತಿ ಎಂದಳು.

ಆ ಸಂಜೆ ಹುಡುಗಿಯರ ಮುಂದೆ ಅವಳ ಹೆಸರು ಹೇಳಿ, ಅವಳ ಮಾತನ್ನು ಅವಳದೇ ಕನ್ನಡದಲ್ಲಿ ಹೇಳಿದೆ. ಚಪ್ಪಾಳೆ ಬಿತ್ತು — ಆಗಲೂ ನನಗೇ. ಅವಳು ಒಳಗೆ ಅನ್ನದ ಪಾತ್ರೆ ಇಳಿಸುತ್ತಿದ್ದಳು. ಕೇಳಿಸಿತೋ ಇಲ್ಲವೋ.

ಆ ಹುಡುಗಿಯರಿಗೆ ಹೇಳಿದೆ, ನಿಮಗೆ ಹೇಳುವುದು ಇಷ್ಟು ವರ್ಷ ಬಾಕಿ ಉಳಿಯಿತು. ನನ್ನಿಂದ ಕಲಿತವರಲ್ಲಿ ಎಲ್ಲರಿಗಿಂತ ಮುಂದೆ ಹೋದವಳು ನೀಲವ್ವ — ನಾನು ಒಂದು ದಿನವೂ ಕಲಿಸದವಳು. ಅವಳ ಬಗ್ಗೆ ಹೆಮ್ಮೆ ಪಡುವ ಹಕ್ಕು ನನಗಿಲ್ಲ. ಆದರೂ ಪಡುತ್ತೇನೆ.