ಇಪ್ಪತ್ತೊಂದರ ಮೇಜಿನಲ್ಲಿ ಉಪ್ಪಿನ ವ್ಯಾಪಾರಿ

ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಹತ್ತರವರೆಗೆ ನಾನು ಉಪ್ಪಿನ ವ್ಯಾಪಾರಿ. ವಾರದ ಉಳಿದ ಹೊತ್ತೆಲ್ಲ ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಒಂದು ಉಳ್ಳಾಗಡ್ಡಿ ದಲಾಲಿ ಅಂಗಡಿಯ ಗುಮಾಸ್ತ. ಎರಡರಲ್ಲಿ ಯಾವುದು ವೇಷ ಎಂದು ಕೇಳಿದರೆ ಹೇಳುವುದು ಕಷ್ಟ. ಅಂಗಡಿಯಲ್ಲಿ ನನ್ನ ದಾರಿ ಕಾಯುವವರು ಲಾರಿಯವರು ಮಾತ್ರ. ಆ ಇನ್ನೊಂದು ಕಡೆ ನನ್ನ ಮಗಳಿದ್ದಳು.

ಹೆಂಡತಿ ಮತ್ತು ನಾನು ಬೇರೆಯಾಗಿ ಆಗ ಎರಡು ವರ್ಷವಾಗಿತ್ತು. ಅವಳು ಮಗಳೊಂದಿಗೆ ಕೋಥರೂಡದ ಫ್ಲ್ಯಾಟಿನಲ್ಲಿ ಉಳಿದಳು, ನಾನು ಯಾರ್ಡಿನ ಹತ್ತಿರ ಒಂದು ಖೋಲಿ ಹಿಡಿದೆ. ಯಾಕೆ ಬೇರೆಯಾದಿರಿ ಎಂದು ಧಾರವಾಡದ ನೆಂಟರು ಇನ್ನೂ ಕೇಳುತ್ತಾರೆ. ಕುಡಿತವಿಲ್ಲ, ಹೊಡೆತವಿಲ್ಲ, ನನ್ನ ನಾಲಿಗೆಯೊಂದೇ ಸಾಕಾಯಿತು. ಜಗಳ ಮುಗಿದು, ಅವಳು ಕಣ್ಣೊರೆಸಿಕೊಂಡು ಒಲೆ ಹಚ್ಚಿದ ಮೇಲೂ ಇನ್ನೊಂದು ಮಾತು ಸೇರಿಸದೆ ಬಿಟ್ಟವನಲ್ಲ ನಾನು. ಅದು ಪೇಟೆಯ ಅಭ್ಯಾಸ. ತೂಕ ಸರಿಯಾದ ಮೇಲೂ ಒಂದು ಬೊಗಸೆ ಕೊಸರು ಹಾಕಿಸಿಕೊಳ್ಳದೆ ನಮ್ಮ ಮಂದಿ ಚೀಲದ ಬಾಯಿ ಕಟ್ಟುವುದಿಲ್ಲ. ಉಳ್ಳಾಗಡ್ಡಿಗೆ ಅದು ನಡೆಯುತ್ತದೆ, ಸಂಸಾರಕ್ಕೆ ನಡೆಯುವುದಿಲ್ಲ.

ಹದಿನೈದು ದಿನಕ್ಕೊಮ್ಮೆ ಮಗಳನ್ನು ಕೋಥರೂಡದ ಒಂದು ಹೋಟೆಲಿನಲ್ಲಿ ಭೇಟಿಯಾಗುತ್ತಿದ್ದೆ. ಅವಳಿಗೆ ಹದಿನೇಳು. ಮಿಸಳ ತರಿಸಿದರೆ ಅವಳು ಜೊತೆಗೆ ಬಂದ ಪಾವ್ ಬ್ರೆಡ್ಡಿನ ಅಂಚು ಮುರಿಯುತ್ತ ಮೊಬೈಲು ನೋಡುತ್ತಿದ್ದಳು. ಚಿಕ್ಕಂದಿನಿಂದ ನನ್ನನ್ನು 'ನೀ' ಎನ್ನುತ್ತಿದ್ದವಳು ಈಗ 'ನೀವು' ಎನ್ನತೊಡಗಿದ್ದಳು. 'ಅಪ್ಪಾ' ಎನ್ನುವುದನ್ನಂತೂ ಬಿಟ್ಟೇಬಿಟ್ಟಿದ್ದಳು. ಕರೆಯಬೇಕಾದರೆ 'ಕೇಳ್ರಿ ಇಲ್ಲೆ' ಎನ್ನುವಳು, ಬಸ್ಸಿನ ಕಂಡಕ್ಟರನನ್ನು ಕರೆದ ಹಾಗೆ. ಮರ್ಯಾದೆ ಕೊಟ್ಟು ದೂರ ಇಡುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ, ತಾನೇ ಕಲಿತಿದ್ದಳು. ನನಗೆ ಅದರಿಂದ ಬಹಳ ನೋವಾಗುತ್ತಿತ್ತು. ಬಾಯಿಬಿಟ್ಟರೆ ಅದೂ ಒಂದು ಜಗಳವಾದೀತೆಂದು, ಮಿಸಳದಲ್ಲಿ ಖಾರ ಹೆಚ್ಚಾಗಿದೆ ಎಂದು ಮಾಣಿಯ ಮೇಲೆ ರೇಗುತ್ತಿದ್ದೆ.

ಒಂದು ಭಾನುವಾರ ತಡೆಯಲಾಗಲಿಲ್ಲ.

"ಅಂಥಾದ್ದು ಏನ ಅದ ಅದರೊಳಗ? ಕೂತಾಗಿಂದ ನೋಡ್ಲಿಕ್ಕ ಹತ್ತೀ."

"ಮಂದಿ ಇರ್ತಾರ."

"ಮತ್ತ ಇಲ್ಲೆ ನಾ ಕೂತಿಲ್ಲೇನು?"

ಅವಳು ಪಾವಿನ ಇನ್ನೊಂದು ತುಂಡು ಮುರಿದಳು. ಅಲ್ಲಿಗೇ ಬಿಡಬೇಕಾಗಿತ್ತು. ನಾನು ಬಿಡಲಿಲ್ಲ.

"ಹಂಗಾರ ನಾನೂ ಅಲ್ಲೇ ಬರ್ತೀನಿ."

"ನಿಮಗ ತಿಳಿಯೂದಿಲ್ಲ ಬಿಡ್ರಿ," ಎಂದಳು. ಆದರೆ ತುಟಿಯ ಮೂಲೆಯಲ್ಲಿ ಸಣ್ಣ ನಗೆ ಬಂದಿತ್ತು. ಎಷ್ಟೋ ತಿಂಗಳ ಮೇಲೆ ಕಂಡ ಆ ನಗೆಗಾಗಿ ನಾನು ಇನ್ನೂ ಕಷ್ಟದ ವಿದ್ಯೆಯನ್ನಾದರೂ ಕಲಿಯಲು ತಯಾರಿದ್ದೆ.

ಅದು ವೇಷದ ಆಟ. ಜಗತ್ತಿನ ಎಲ್ಲೆಲ್ಲಿಯೋ ಕೂತವರು ಒಂದೊಂದು ಪಾತ್ರ ಕಟ್ಟಿಕೊಂಡು ಒಂದು ಹಳೆಯ ಕಾಲದ ಊರಿಗೆ ಬರುತ್ತಾರೆ. ತಮ್ಮ ಪಾತ್ರ ಏನು ಮಾಡಿತು, ಏನು ಆಡಿತು ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಆ ಊರಿನ ಒಂದು ಛತ್ರದಲ್ಲಿ ನನ್ನ ಮಗಳು ದಾಳದ ಮೇಜಿನ ಒಡತಿ. ಏನು ಪಾತ್ರ ಬೇಕೆಂದು ಕೇಳಿದಾಗ ನಾನು ಉಪ್ಪಿನ ವ್ಯಾಪಾರಿ ಎಂದೆ. ಉಳ್ಳಾಗಡ್ಡಿ ವ್ಯಾಪಾರಿ ಎನ್ನಲು ನಾಚಿಕೆಯಾಯಿತು, ಖಡ್ಗ ಹಿಡಿಯುವವ ಎನ್ನಲು ನನ್ನ ಹೊಟ್ಟೆ ಅಡ್ಡ ಬಂತು. ಹೊಟ್ಟೆ ಅಲ್ಲಿ ಯಾರಿಗೂ ಕಾಣುವುದಿಲ್ಲ ಎಂಬುದು ಆಮೇಲೆ ಹೊಳೆಯಿತು.

ಅವಳ ಮೇಜಿನ ಆಟ ಬ್ಲ್ಯಾಕ್‌ಜಾಕ್. ಅದು ಇಸ್ಪೀಟಿನದು ಎಂದು ನನಗೂ ಗೊತ್ತಿತ್ತು. ಆದರೆ ಅಲ್ಲಿ ಎಲೆಗಳಿಲ್ಲ, ದಾಳ ಉರುಳಿಸಬೇಕು, ಅದೂ ಹದಿಮೂರು ಮುಖದ ದಾಳ. ಅಂಥ ದಾಳವನ್ನು ಯಾವ ಬಡಿಗನೂ ಕೆತ್ತಿರಲಾರ, ಪರದೆಯ ಮೇಲೆ ಎಲ್ಲವೂ ನಡೆಯುತ್ತದೆ. ಫೋನು ಕಿವಿಗಿಟ್ಟುಕೊಂಡು ಅವಳು ನನಗೆ ಪಾಠ ಹೇಳಿದಳು. ಒಂದು ಬಿದ್ದರೆ ಎಕ್ಕ, ಅದನ್ನು ಒಂದೆಂದಾದರೂ ಎಣಿಸಬಹುದು, ಹನ್ನೊಂದೆಂದಾದರೂ. ಹನ್ನೊಂದು, ಹನ್ನೆರಡು, ಹದಿಮೂರು ಬಿದ್ದರೆ ಗುಲಾಮ, ರಾಣಿ, ರಾಜ, ಮೂರಕ್ಕೂ ಹತ್ತೇ. ಕೂಡಿಸಿದ್ದು ಇಪ್ಪತ್ತೊಂದರ ಹತ್ತಿರ ಬರಬೇಕು, ಒಂದು ಹೆಚ್ಚಾದರೂ ಸೋಲು. ಎರಡು ಸಲ ಉರುಳಿದ ಮೇಲೆ, ತನ್ನದೂ ಒಂದು ಉರುಳಿಸಿ ಮುಂದಿಟ್ಟು, ಒಡತಿ ಕೇಳುತ್ತಾಳೆ: ಇನ್ನೊಂದು ಬೇಕೋ, ಸಾಕೋ? ಎಲ್ಲರದೂ ಮುಗಿದ ಮೇಲೆ ಒಡತಿ ತನಗೆ ಹದಿನೇಳು ಆಗುವವರೆಗೂ ಉರುಳಿಸಲೇಬೇಕು. ಹಣವಿಲ್ಲ, ಪಣವಿಲ್ಲ. ಸೋತವರು ಒಂದು ಕಥೆ ಹೇಳಬೇಕು.

"ಮತ್ತ ಇನ್ನೊಂದು ನಿಯಮ ಅದ," ಎಂದಳು. "ಅಲ್ಲೆ ಮನೀ ಸುದ್ದಿ ತಗೀಬಾರದು. ಯಾರ ಊರು ಯಾವ್ದು, ಯಾರು ಯಾರಿಗೆ ಏನಾಗಬೇಕು, ಏನೂ ಕೇಳೂಹಂಗಿಲ್ಲ. ಅಲ್ಲೆ ನೀವು ಉಪ್ಪು ಮಾರಾವ್ರು ಅಷ್ಟ."

ನಾನು ಒಪ್ಪಿಕೊಂಡೆ. ಇಂಥ ಅಪ್ಪ ಇದ್ದಾನೆಂದು ಹೇಳಿಕೊಳ್ಳಲು ಅವಳಿಗೆ ನಾಚಿಕೆ, ಅದಕ್ಕೇ ಈ ನಿಯಮ ಎಂದು ಒಳಗೊಳಗೇ ಅನಿಸಿತು. ಆ ಮುಳ್ಳು ಚುಚ್ಚಿಕೊಂಡೇ ಮೇಜಿಗೆ ಹೋಗುತ್ತಿದ್ದೆ.

ಮೊದಮೊದಲು ಹೀನಾಯವಾಗಿ ಸೋತೆ. ಹದಿನೆಂಟು ಬಂದಿರುತ್ತಿತ್ತು. ಬುದ್ಧಿ ಇದ್ದವನು ಸಾಕು ಎನ್ನುತ್ತಾನೆ. ನನ್ನ ಬೆರಳು ಮಾತ್ರ ತಾನಾಗಿ 'ಇನ್ನೊಂದು' ಎಂದು ಒತ್ತುತ್ತಿತ್ತು. ಸಿಕ್ಕಷ್ಟು ಸಿಕ್ಕಮೇಲೆ ಒಂದು ಬೊಗಸೆ ಹೆಚ್ಚಿಗೆ ಕೇಳದಿದ್ದರೆ ಮೋಸಹೋದೆ ಎಂದು ಮೂವತ್ತು ವರ್ಷದ ಪೇಟೆ ಕಲಿಸಿದೆ. ಒಂಬತ್ತು ಬೀಳುತ್ತಿತ್ತು, ಇಪ್ಪತ್ತೇಳಾಗುತ್ತಿತ್ತು, ನಾನು ಎದ್ದು ಕಥೆ ಹೇಳುತ್ತಿದ್ದೆ. ಒಡತಿ ಬರೆಯುತ್ತಿದ್ದಳು: 'ಉಪ್ಪಿನವರೇ, ನಿಮ್ಮ ಚೀಲ ಮತ್ತೆ ಹರಿಯಿತು.'

ಆ ಮೇಜಿಗೆ ತಪ್ಪದೆ ಬರುವವನು ಇನ್ನೊಬ್ಬನೇ, ಒಕ್ಕಣ್ಣ ಕಮ್ಮಾರ. ಯಾವ ದೇಶದವನೋ, ಗಂಡೋ ಹೆಣ್ಣೋ ಗೊತ್ತಿಲ್ಲ. ಬಂದಾಗಲೆಲ್ಲ ಹೆಗಲ ಮೇಲಿನ ಹಿಮ ಕೊಡವಿಕೊಂಡು ಕೂತೆ ಎಂದು ಬರೆಯುತ್ತಿದ್ದ. ನನ್ನ ಕಥೆಗಳು ಅವನಿಗೆ ಬಹಳ ಹಿಡಿಸಿದ್ದವು. ಯಾರ್ಡಿನ ಗೇಟಿನಲ್ಲಿ ಲಾರಿ ಮಗುಚಿ ಉಳ್ಳಾಗಡ್ಡಿ ಉರುಳಿದ್ದು, ಅದನ್ನು ಆರಿಸಲು ಬಂದ ಪೊಲೀಸನೇ ಜಾರಿ ಬಿದ್ದದ್ದು, ಇದನ್ನೆಲ್ಲ ನಾನು ಉಪ್ಪಿನ ಗಾಡಿ, ಕೋಟೆಯ ಬಾಗಿಲು, ಕಾವಲುಗಾರ ಎಂದು ಬದಲಿಸಿ ಹೇಳುತ್ತಿದ್ದೆ. ಕಮ್ಮಾರ ಮೇಜು ಗುದ್ದಿ ನಗುತ್ತಿದ್ದ. 'ಒಡತಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾಳೆ' ಎಂದು ಮಗಳು ಬರೆಯುತ್ತಿದ್ದಳು. ಅದು ವೇಷದ ನಗೆಯೋ ಅವಳದೋ ತಿಳಿಯುತ್ತಿರಲಿಲ್ಲ. ಯಾವುದಾದರೂ ಆಗಲಿ ಎಂದು ಇಟ್ಟುಕೊಳ್ಳುತ್ತಿದ್ದೆ.

ಹತ್ತಕ್ಕೆ ಮೇಜು ಮುಚ್ಚುತ್ತಿತ್ತು. ಹೋಟೆಲಿನ ಭೇಟಿ ಇಲ್ಲದ ವಾರ ಆಮೇಲಿನ ಭಾನುವಾರ ಎಷ್ಟು ಉದ್ದ ಎಂಬುದು ಒಂಟಿಯಾಗಿ ಇದ್ದವರಿಗೇ ಗೊತ್ತು. ಪಕ್ಕದ ಮನೆಯ ಕುಕ್ಕರು ಕೂಗುತ್ತಿತ್ತು. ನಾನು ಅಂಗಿ ಒಗೆದು ಹಾಕಿ, ಮೊಸರನ್ನ ಕಲಸಿಕೊಂಡು, ಸೋಮವಾರದವರೆಗೆ ಒಬ್ಬರೊಂದಿಗೂ ಮಾತಿಲ್ಲದೆ ಇರುತ್ತಿದ್ದೆ. ಕೆಲವೊಮ್ಮೆ ನನ್ನ ದನಿ ಇದೆಯೋ ಇಲ್ಲವೋ ನೋಡಲು 'ಹದಿನೇಳು, ಸಾಕು' ಎಂದು ಗಟ್ಟಿಯಾಗಿ ಹೇಳಿಕೊಂಡದ್ದುಂಟು. ಅಂಗಡಿಯಲ್ಲಿ ಊಟದ ಹೊತ್ತಿಗೆ ಹದಿಮೂರು ಚೀಟಿಗಳ ಮೇಲೆ ಅಂಕಿ ಬರೆದು ಸ್ಟೀಲಿನ ಲೋಟದಲ್ಲಿ ಕುಲುಕಿ ಎತ್ತುತ್ತ ಅಭ್ಯಾಸ ಮಾಡುತ್ತಿದ್ದೆ. ಒಮ್ಮೆ ಸಾವುಕಾರರು ಹಿಂದಿನಿಂದ ಬಂದು ಬಗ್ಗಿ ನೋಡಿದರು.

"ಏನ್ರೀ, ಮಟಕಾ ಬರೀಲಿಕ್ಕ ಸುರು ಮಾಡೀರೇನು?"

"ಇಲ್ರೀ, ಮಗಳ ಕೂಡ ಆಡಾಕ ಕಲೀಲಿಕ್ಕ ಹತ್ತೀನ್ರಿ," ಎಂದೆ. ಅವರು ಲೋಟವನ್ನು ನನ್ನ ಕಡೆಗೇ ಸರಿಸಿ ಹೋದರು.

ನಿಧಾನವಾಗಿ ಕಲಿತೆ. ಮಗಳು ಒಂದು ದಿನ ಆಟ ಮುಗಿದ ಮೇಲೆ ಫೋನು ಮಾಡಿದಳು. ಅದು ತಾನಾಗಿ ಮಾಡಿದ ಫೋನು, ನನಗೆ ಅದೇ ಹಬ್ಬ.

"ನಿಮ್ದಷ್ಟ ನೋಡ್ಕೊಂತ ಕೂಡಬ್ಯಾಡ್ರಿ. ನನ್ನ ಮುಂದ ಎಷ್ಟು ಬಿದ್ದದ ಅದನ್ನ ನೋಡ್ರಿ. ನಂದು ನಾಕು, ಐದು, ಆರು ಇದ್ರ ನೀವು ಸುಮ್ಮ ಕೂಡ್ರಿ. ನಾನ ಉರುಳಿಸಿ ಉರುಳಿಸಿ ಹೆಚ್ಚಾಗಿ ಹೋಗ್ತೀನಿ. ಸುಮ್ಮ ಕೂಡೂದೂ ಒಂದು ಆಟನ."

ಈ ಮಾತನ್ನು ಇವಳ ತಾಯಿ ನನಗೆ ಇಪ್ಪತ್ತು ವರ್ಷ ಬೇರೆ ಬೇರೆ ರೀತಿಯಲ್ಲಿ ಹೇಳಿದ್ದಳು. ದಾಳದ ಲೆಕ್ಕದಲ್ಲಿ ಹೇಳಿದ್ದರೆ ತಿಳಿಯುತ್ತಿತ್ತೋ ಏನೋ. ಮುಂದಿನ ನಾಲ್ಕಾರು ಭಾನುವಾರ ನಾನು ಸುಮ್ಮನೆ ಕೂತು ಗೆದ್ದೆ. ಇನ್ನು ಕಥೆ ಯಾರು ಹೇಳುವವರು ಎಂದು ಕಮ್ಮಾರ ಬೇಸರಪಟ್ಟುಕೊಂಡ.

ಆಟದಲ್ಲಿ ಕಲಿತದ್ದು ಆಟದಲ್ಲೇ ಉಳಿಯಿತು ಎಂಬುದು ಮಳೆಗಾಲದ ಒಂದು ಭಾನುವಾರ ಗೊತ್ತಾಯಿತು. ಬರುವ ವಾರ ನೀನು ಇರುತ್ತೀಯಾ ಎಂದು ಕಮ್ಮಾರ ಒಡತಿಯನ್ನು ಕೇಳಿದ. 'ಇಲ್ಲ, ಗೆಳೆಯರೊಂದಿಗೆ ಬೆಟ್ಟದ ಊರಿಗೆ ಹೋಗುತ್ತೇನೆ, ಅಲ್ಲಿ ಈಗ ಮೋಡ ಬಾಗಿಲೊಳಗೇ ಬರುತ್ತದೆ' ಎಂದು ಬರೆದಳು. ಅದು ಲೋಣಾವಳಾ ಎಂದು ನನಗೆ ಕೂಡಲೇ ತಿಳಿಯಿತು. ನನಗೆ ಹೇಳಿರಲಿಲ್ಲ. ಹಿಮದ ದೇಶದ ಯಾವನೋ ಕಮ್ಮಾರನಿಗೆ ಹೇಳಿದಳು, ನನಗಿಲ್ಲ. ನನ್ನ ಕೈ ನನ್ನ ಮಾತು ಕೇಳಲಿಲ್ಲ. ಉಪ್ಪಿನ ವ್ಯಾಪಾರಿಯ ಬಾಯಿಂದ, ಆ ಮೇಜಿನ ಮೇಲೆ, ಎಲ್ಲರೆದುರು ಬರೆದೆ: ಯಾರು ಆ ಗೆಳೆಯರು? ಹುಡುಗರೂ ಇದ್ದಾರೋ? ನಿನ್ನ ತಾಯಿ ಹೂಂ ಎಂದಳೋ? ಈ ವರ್ಷ ಹನ್ನೆರಡನೆಯ ತರಗತಿಯ ಪರೀಕ್ಷೆ ಎಂಬುದು ನೆನಪಿದೆಯೋ?

ನಾಲ್ಕು ಸಾಲು ಮೇಜಿನ ಮೇಲೆ ಬಿದ್ದಿದ್ದವು. ಅಳಿಸಲು ಬರುವುದಿಲ್ಲ ಅಲ್ಲಿ. ಒಡತಿ ಬರೆದಳು: 'ಉಪ್ಪಿನವರೇ, ನೀವು ನನ್ನನ್ನು ಬೇರೆ ಯಾರೋ ಎಂದುಕೊಂಡಿದ್ದೀರಿ. ಮೇಜು ಮುಚ್ಚಿದೆ.' ಆಗಿನ್ನೂ ಒಂಬತ್ತೂವರೆ.

ಫೋನು ಮಾಡಿದೆ, ಎತ್ತಲಿಲ್ಲ. ಸಂಜೆ ಉದ್ದನೆಯ ಒಂದು ಸಂದೇಶ ಬರೆದೆ. ತಂದೆಯ ಕಾಳಜಿ, ಇಂದಿನ ಕಾಲ, ನಾನು ಪಟ್ಟ ಪಾಡು, ಎಲ್ಲವೂ ಅದರಲ್ಲಿತ್ತು. ಓದಿ ನೋಡಿದರೆ ಅದರ ತುಂಬ ನಾನೇ ಇದ್ದೆ. ಅಳಿಸಿ, 'ತಪ್ಪಾತು' ಎಂದಷ್ಟೇ ಕಳಿಸಿದೆ. ಅವಳು ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ. ಆ ವಾರ ನಾನು ಹತ್ತು ಸಲವಾದರೂ ಫೋನು ಕೈಗೆತ್ತಿಕೊಂಡು ಕೆಳಗಿಟ್ಟೆ. ಇನ್ನೊಂದು ಮಾತು ಸೇರಿಸದೆ ಇರುವುದು ಎಷ್ಟು ಕಷ್ಟದ ಕೆಲಸ ಎಂದು ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ತಿಳಿದುಕೊಂಡೆ. ಗುರುವಾರ ಒಂದು ಚೀಟಿಯಲ್ಲಿ ತೂಕ ತಪ್ಪು ಬರೆದು ಸಾವುಕಾರರಿಂದ ಬೈಸಿಕೊಂಡೆ, ಅವರು ಬೈದದ್ದೂ ಸರಿಯಾಗಿ ಕೇಳಿಸಲಿಲ್ಲ.

ಮೇಜಿನ ಒಡತಿಗೆ ಬೇಡದವರನ್ನು ಹೊರಗೆ ಹಾಕುವ ಅಧಿಕಾರವಿದೆ. ಒಮ್ಮೆ ಹೆಸರು ತೆಗೆದರೆ ಆ ಛತ್ರದ ಬಾಗಿಲೇ ತೆರೆಯುವುದಿಲ್ಲ. ಭಾನುವಾರ ಅವಳು ಇರುವುದಿಲ್ಲ ಎಂದು ಗೊತ್ತಿದ್ದೂ ಒಂಬತ್ತಕ್ಕೆ ನಾನು ಕೂತದ್ದು ಅದನ್ನು ನೋಡಲಿಕ್ಕೆ. ಹೆಸರು ತೆಗೆದಿದ್ದರೆ, ಇನ್ನು ಹದಿನೈದು ದಿನಕ್ಕೊಮ್ಮೆ ಹೋಟೆಲಿಗೂ ಬರಲಾರಳು. ಬಟನ್ ಒತ್ತಿದೆ.

ಬಾಗಿಲು ತೆರೆಯಿತು. ಒಡತಿಯ ಜಾಗದಲ್ಲಿ ಕಮ್ಮಾರ ಕೂತಿದ್ದ. 'ಬಾ, ಉಪ್ಪಿನವನೇ. ಒಡತಿ ಬೆಟ್ಟಕ್ಕೆ ಹೋಗಿದ್ದಾಳೆ. ಇವತ್ತು ದಾಳ ನನ್ನದು' ಎಂದು ಬರೆದ. ಮೇಜಿಗೆ ಬೇರೆ ಯಾರೂ ಬಂದಿರಲಿಲ್ಲ. ನನಗೆ ಹತ್ತು, ಆರು ಬಿತ್ತು. ಅವನ ಮುಂದೆ ಐದು. ಸಾಕು ಎಂದೆ. ಅವನು ಉರುಳಿಸಿದ, ಹತ್ತು ಬಂತು. ಮತ್ತೆ ಉರುಳಿಸಿದ, ಎಂಟು ಬಂತು, ಇಪ್ಪತ್ತಮೂರಾಗಿ ಸೋತ. ಚೆನ್ನಾಗಿ ಆಡಿದ್ದೆ. ಆದರೆ ಅದನ್ನು ನೋಡಬೇಕಾದವಳು ಅಲ್ಲಿರಲಿಲ್ಲ.

ಸೋತವನು ಕಥೆ ಹೇಳಬೇಕು. ಕಮ್ಮಾರ ಆಟದ ಹೊರಗಿನ ಮಾತಿಗೆಂದು ಇರುವ ಪಕ್ಕದ ಚೌಕದಲ್ಲಿ ಬರೆದ: 'ನಿಯಮ ಮುರಿಯುತ್ತಿದ್ದೇನೆ, ಕ್ಷಮಿಸು. ನನ್ನ ಬಳಿ ಕಥೆ ಇಲ್ಲ, ಒಂದು ಮಾತಿದೆ. ಈ ಮೇಜಿನಲ್ಲಿ ಇವತ್ತು ನಾನು ಕೂತದ್ದೇ ನಿನಗಾಗಿ. ನಿನ್ನೆ ಅವಳು ಹೇಳಿ ಹೋದಳು, ಒಂಬತ್ತಕ್ಕೆ ಅಪ್ಪ ಬರುತ್ತಾನೆ, ಅವನನ್ನು ಒಬ್ಬನನ್ನೇ ಕೂರಿಸಬೇಡ ಎಂದು.' ಇಂಗ್ಲಿಷ್ ಸಾಲಿನ ನಡುವೆ 'ಅಪ್ಪ' ಎಂದೇ ಇತ್ತು. ಅದರ ಕೆಳಗೆ ಇನ್ನೊಂದು ಸಾಲು: 'ನೀನು ಮೊದಲ ದಿನ ಬರುವ ಮುಂಚೆಯೇ ನಮಗೆ ಹೇಳಿದ್ದಳು. ಅವನು ಬಹಳ ಚೆನ್ನಾಗಿ ಕಥೆ ಹೇಳುತ್ತಾನೆ, ಸೋಲಲು ಬಿಡಿ ಅಂದಿದ್ದಳು.'

ಪರದೆಯ ಮೇಲಿನ ಅಕ್ಷರಗಳು ಕಲಸಿಹೋದವು. ಇಷ್ಟು ಭಾನುವಾರ ನಾನು ಅವಳಿಗೆ ನಾಚಿಕೆ ಎಂದು ನಂಬಿಕೊಂಡು, ಯಾರಿಗೂ ಗುರುತು ಸಿಗದ ಹಾಗೆ ಬಾಗಿ ಕೂತಿದ್ದೆ. ಆ ಮೇಜಿನಲ್ಲಿ ನಾನು ಅವಳ ಅಪ್ಪ ಎಂಬುದನ್ನು ಮರೆಮಾಚುತ್ತಿದ್ದವನು ನಾನೊಬ್ಬನೇ.

ಕಮ್ಮಾರ ಹೊಸದಾಗಿ ದಾಳ ಉರುಳಿಸಿ, ನಿನ್ನ ಸರದಿ ಎಂದು ಬರೆದ. ನನಗೆ ಎಷ್ಟು ಬಿದ್ದಿದೆ ಎಂದು ಕಾಣುತ್ತಿರಲಿಲ್ಲ. ಅವನು ಎರಡನೆಯ ಸಲ ಕೇಳಲಿಲ್ಲ, ಸುಮ್ಮನೆ ಕಾದ.