ವರ್ನ್ ಟಟಲ್ ಬಿಗಿ ಮಾಡಿದ ಬ್ರೇಕು

ರೆಡೊಂಡೊ ಬೀಚ್ ಎಂಬ ಊರಿನ ಕಡಲಂಚಿನಲ್ಲಿ ಕಾರು ನಿಲ್ಲಿಸುವ ಬಯಲಿದೆ. ಅಲ್ಲಿ ವರ್ನ್ ಟಟಲನಿಗೆ ಒಂದು ಖಾಯಂ ಜಾಗವಿತ್ತು. ಭಾನುವಾರ ಬೆಳಿಗ್ಗೆ ಹಾಲಿನವರ ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತು, ಬಂದ ಸೈಕಲ್ಲುಗಳಿಗೆಲ್ಲ ಮೂಗು ಮುರಿಯುವುದು ಅವನ ವಾರದ ವ್ರತ. ಅಲ್ಲಿಗೆ ಬರುವವರು ಚಿಕ್ಕ ಚಕ್ರದ ಸೈಕಲ್ ಮೇಲೆ ಕಸರತ್ತು ಮಾಡುವವರು. ಒಂದೇ ಚಕ್ರದ ಮೇಲೆ ನಿಂತು ಗಿರಕಿ ಹೊಡೆಯುತ್ತಾರೆ, ಹ್ಯಾಂಡಲ್ಲನ್ನು ಬುಗುರಿಯ ಹಾಗೆ ತಿರುಗಿಸುತ್ತಾರೆ, ಬಿದ್ದು ಮೊಣಕಾಲು ಕೆತ್ತಿಸಿಕೊಂಡು ಮತ್ತೆ ಹತ್ತುತ್ತಾರೆ. ವರ್ನ್ ಹತ್ತುವುದನ್ನು ಬಿಟ್ಟು ವರ್ಷಗಳಾಗಿದ್ದವು. ಹತ್ತುತ್ತಿದ್ದ ಕಾಲದಲ್ಲೂ ಅವನು ಅಷ್ಟಕ್ಕಷ್ಟೆ. ವಾರವೆಲ್ಲ ಕಾರುಗಳ ಹೊಗೆಕೊಳವೆ ಬೆಸೆಯುವ ಕೆಲಸ. ಬ್ರೇಕ್ ಕಟ್ಟುವುದರಲ್ಲಿ ಮಾತ್ರ ಅವನದು ಎತ್ತಿದ ಕೈ ಎಂದು ಅವನ ಶತ್ರುಗಳೂ ಒಪ್ಪುತ್ತಿದ್ದರು. ಶತ್ರುಗಳಲ್ಲದವರು ಅಲ್ಲಿ ಯಾರೂ ಇರಲಿಲ್ಲವಾದ್ದರಿಂದ ಎಲ್ಲರೂ ಒಪ್ಪುತ್ತಿದ್ದರು ಎನ್ನಬಹುದು.

ಹ್ಯಾಂಡಲ್ ಸುತ್ತು ಹೊಡೆದಾಗ ಬ್ರೇಕಿನ ತಂತಿ ಸೈಕಲ್ಲಿನ ಕುತ್ತಿಗೆಗೆ ಸುತ್ತಿಕೊಳ್ಳಬಾರದು. ಅದಕ್ಕೆಂದೇ ಹ್ಯಾಂಡಲಿನ ಕೆಳಗೆ ಜೋಡಿ ಬಿಲ್ಲೆಗಳನ್ನು ಕೂರಿಸಿರುತ್ತಾರೆ. ಬೆರಳಿಂದ ಒತ್ತುವ ಲಿವರಿನಿಂದ ಬಂದ ತಂತಿ ಕವಲೊಡೆದು, ಎಡಕ್ಕೊಂದು ಬಲಕ್ಕೊಂದರಂತೆ ಮೇಲಿನ ಬಿಲ್ಲೆಯನ್ನು ಹಿಡಿಯುತ್ತದೆ. ಕೆಳಗಿನ ಬಿಲ್ಲೆಯಿಂದ ಇನ್ನೆರಡು ಕವಲು ಹೊರಟು ಒಂದಾಗಿ ಹಿಂದಿನ ಚಕ್ರದ ಬ್ರೇಕಿಗೆ ಹೋಗುತ್ತವೆ. ಎರಡೂ ಕವಲು ಸಮನಾಗಿ ಎಳೆದರೆ ಬಿಲ್ಲೆ ಮಟ್ಟಸವಾಗಿ ಏಳುತ್ತದೆ. ಒಂದು ಕೂದಲೆಳೆ ಹೆಚ್ಚುಕಡಿಮೆಯಾದರೂ ಒಂದು ಕಡೆಗೆ ವಾಲಿ ಲೊಟಲೊಟ ಎನ್ನುತ್ತದೆ. ಆ ಸದ್ದು ಕೇಳಿದರೆ ವರ್ನನ ಹಲ್ಲು ಜುಮ್ಮೆನ್ನುತ್ತಿತ್ತು. ಅವನು ಒಂದು ತಿರುಪು ಸಡಿಲಿಸಿ, ಇನ್ನೊಂದು ಬಿಗಿದು, ಬ್ರೇಕಿನ ರಬ್ಬರನ್ನು ರಿಮ್ಮಿನ ಮಗ್ಗುಲಿಗೆ ತಂದು, ಲಿವರಿಗೆ ಬೆರಳು ಸೋಕಿದರೆ ಸಾಕು ಚಕ್ರ ಗಕ್ಕನೆ ನಿಲ್ಲುವ ಹಾಗೆ ಮಾಡಿಕೊಡುತ್ತಿದ್ದ. ಕೈ ಕೆಲಸ ಮಾಡುತ್ತಿರುವಷ್ಟು ಹೊತ್ತೂ ಬಾಯಿಯೂ ಮಾಡುತ್ತಿತ್ತು.

"ಇದನ್ನ ಯಾರು ಕಟ್ಟಿದ್ದು, ನಿಮ್ಮಜ್ಜೀನಾ?"

"ಅಂಗಡಿಯವ್ರು ಕಟ್ಟಿದ್ದು, ವರ್ನ್," ಎನ್ನುತ್ತಿದ್ದ ಟೋಬಿ ಲಂಡ್. ಡೋನಟ್ ಅಂಗಡಿಯಲ್ಲಿ ಹಿಟ್ಟು ಕಲಸುವವನು, ಆ ಬಯಲಿನಲ್ಲಿ ವರ್ನನ ಮಾತನ್ನು ಕೂತು ಕೇಳುತ್ತಿದ್ದ ಒಬ್ಬನೇ ಮನುಷ್ಯ.

"ಅಂಗಡಿಯವ್ರಿಗೆ ಬಟ್ಟೆ ಒಣಗಾಕೋ ಹಗ್ಗ ಕಟ್ಟೋಕೂ ಬರಲ್ಲ. ಬಿಲ್ಲೆ ನೋಡಿದ್ರೆ ಸಾಕು, ಸೈಕಲ್ ಯಾರದೋ ಅವ್ನ ಯೋಗ್ಯತೆ ಗೊತ್ತಾಗುತ್ತೆ."

"ನಿನ್ನ ಯೋಗ್ಯತೆ ಏನ್ ನೋಡಿದ್ರೆ ಗೊತ್ತಾಗುತ್ತೆ ಗುರುವೇ?"

"ನೀನ್ ಡೋನಟ್ ತಿನ್ನು."

ಆ ಬಯಲಿನಲ್ಲಿ ಬೇರೆ ಯಾವುದಕ್ಕೂ ಕಟ್ಟುಪಾಡಿರಲಿಲ್ಲ, ಒಂದಕ್ಕೆ ಮಾತ್ರ ಇತ್ತು. ಇನ್ನೊಬ್ಬನ ಬ್ರೇಕನ್ನು ಕೇಳದೆ ಮುಟ್ಟುವಂತಿಲ್ಲ. ಲಿವರನ್ನು ಸುಮ್ಮನೆ ಒತ್ತಿ ನೋಡಬೇಕಾದರೂ "ಒತ್ತಲಾ?" ಎಂದು ಕೇಳಬೇಕು. ಹೊಸಬನೊಬ್ಬ ಒಮ್ಮೆ ಕೇಳದೆ ಒತ್ತಿದ್ದಕ್ಕೆ ಅವನ ಮುಖಕ್ಕೆ ಮಂಗಳಾರತಿ ಎತ್ತಿದವನು ಸ್ವತಃ ವರ್ನ್. ಅವನು ಆ ಕಟ್ಟುಪಾಡಿನ ಕಾವಲುಗಾರ. ಕಾವಲುಗಾರರ ಹಣೆಬರಹ ಎಲ್ಲ ಊರಲ್ಲೂ ಒಂದೇ, ಕಟ್ಟುಪಾಡು ಇರುವುದು ಬೇರೆಯವರಿಗೆ ಎಂದುಕೊಂಡಿರುತ್ತಾರೆ.

ವರ್ನನ ಕಣ್ಣಿಗೆ ಇಡೀ ಬಯಲಿನಲ್ಲಿ ಅತಿ ಕೀಳಾಗಿ ಕಂಡದ್ದು ರೂಬೆನ್ ಸಾಲ್ಸೀಡೋನ ಸೈಕಲ್ಲು. ರೂಬೆನ್ ಬಂದರಿನಲ್ಲಿ ಸರಕು ಇಳಿಸುವವನು, ಮೂವತ್ತು ದಾಟಿದವನು, ಮಾತು ಕಡಿಮೆ. ಅವನ ಬಿಲ್ಲೆ ಎಡಕ್ಕೆ ವಾಲಿರುತ್ತಿತ್ತು. ಬಲಗೈ ಲಿವರಂತೂ ಹ್ಯಾಂಡಲಿಗೆ ಅಂಟಿಕೊಳ್ಳುವಷ್ಟು ಒಳಗೆ ಹೋದ ಮೇಲೆ ಬ್ರೇಕ್ ಹಿಡಿಯುತ್ತಿತ್ತು. ಎರಡು ವರ್ಷದ ಹಿಂದೆ ಅದು ಹಾಗಿರಲಿಲ್ಲ. ಬಂದರಿನಲ್ಲಿ ಏನೋ ಪೆಟ್ಟಾಗಿ ರೂಬೆನ್ ಕೆಲವು ತಿಂಗಳು ಬರಲಿಲ್ಲ. ಮತ್ತೆ ಬಂದಾಗ ಬ್ರೇಕು ಹೀಗಾಗಿತ್ತು. ಏನು ಪೆಟ್ಟು, ಎಲ್ಲಿಗೆ ಎಂದು ವರ್ನ್ ಕೇಳಲಿಲ್ಲ. ಬ್ರೇಕ್ ಹಾಳಾದದ್ದು ಕಂಡಿತ್ತು, ಅವನಿಗೆ ಅಷ್ಟು ಸಾಕಾಗಿತ್ತು.

"ತಾ ಇಲ್ಲಿ, ಸರಿ ಮಾಡ್ಕೊಡ್ತೀನಿ," ಎಂದು ಹಲವು ಸಲ ಕೇಳಿದ್ದ. ಕೇಳಿದ್ದ ಎನ್ನುವುದಕ್ಕಿಂತ ಗದರಿಸಿದ್ದ.

"ಬೇಡ ಮಾರಾಯ, ನನಗೆ ಇದೇ ಸರಿ," ಎನ್ನುತ್ತಿದ್ದ ರೂಬೆನ್.

ಆ "ಬೇಡ" ವರ್ನನ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು. ಬೇರೆಯವರು ಅವನ ಬೈಗುಳ ಸಹಿಸಿಕೊಂಡು ಸೈಕಲ್ ಮುಂದಿಡುತ್ತಿದ್ದರು. ಇವನೊಬ್ಬ ಬೈಗುಳವನ್ನೂ ಕೇಳಿ, ಸೈಕಲ್ಲನ್ನೂ ಕೊಡದೆ, ನಕ್ಕು ಹೋಗುತ್ತಿದ್ದ.

ಎಂಬತ್ತೆಂಟರ ಬೇಸಿಗೆಯಲ್ಲಿ ಸವಾರರೇ ಸೇರಿ ಆ ಬಯಲಿನಲ್ಲಿ ಒಂದು ಸ್ಪರ್ಧೆ ಇಟ್ಟುಕೊಂಡರು. ಒಬ್ಬೊಬ್ಬನಿಗೆ ಒಂದೇ ಸರದಿ, ಎರಡು ನಿಮಿಷದ ಆಟ. ಅವತ್ತು ರೂಬೆನ್ ತನ್ನ ತಾಯಿಯನ್ನು ಕರೆತಂದಿದ್ದ. ಒಫೇಲಿಯಾ ಬಟ್ಟೆ ಕಾರ್ಖಾನೆಯಲ್ಲಿ ಹೊಲಿದು ಹೊಲಿದು ಬೆನ್ನು ಬಾಗಿಸಿಕೊಂಡ ಹೆಂಗಸು. ಆ ವಾರವೇ ಕೆಲಸ ಬಿಟ್ಟು ಮೆಕ್ಸಿಕೋದ ತವರೂರಿಗೆ ಹೊರಟಿದ್ದಳು, ತಿರುಗಿ ಬರುವ ಮಾತಿರಲಿಲ್ಲ. ಮಗನ ಆಟವನ್ನು ಅವಳು ಒಮ್ಮೆಯೂ ನೋಡಿರಲಿಲ್ಲ.

"ಗಡ್ಡ ಬಂದ ಮೇಲೂ ಮಕ್ಕಳ ಸೈಕಲ್ಲು," ಎಂದಳು, ಮಡಚುವ ಕುರ್ಚಿಯಲ್ಲಿ ಕೂರುತ್ತ. "ತೋರ್ಸು, ಏನ್ ಮಾಡ್ತೀಯೋ ನೋಡೇ ಬಿಡೋಣ."

ರೂಬೆನ್ ಟೋಬಿಯ ಕಡೆ ತಿರುಗಿ ಮೆಲ್ಲಗೆ ಹೇಳಿದ್ದು ವರ್ನನಿಗೂ ಕೇಳಿಸಿತು. "ಬಹುಮಾನ ಯಾರಿಗಾದ್ರೂ ಹೋಗ್ಲಿ. ಒಂದ್ ಸಲ, ಪೂರ್ತಿ ಆಟ, ಕಾಲು ನೆಲಕ್ಕೆ ತಾಗಿಸದೆ ಮುಗಿಸ್ಬೇಕು. ಅಮ್ಮ ನೋಡೋದು ಇದೊಂದೇ ಸಲ."

ರೂಬೆನ್ನನ ಸರದಿ ಹತ್ತಿರ ಬಂದಿತ್ತು. ಬಿಸಿಲಿಗೆ ತಾಯಿಗೆ ಬಾಯಾರಿತೆಂದು ಅವನು ಸೈಕಲ್ಲನ್ನು ಗೋಡೆಗೆ ಒರಗಿಸಿ ಹುಣಸೆ ಪಾನಕ ತರಲು ಹೋದ. ಅದು ವರ್ನನ ಪೆಟ್ಟಿಗೆಯ ಪಕ್ಕದ ಗೋಡೆ. ವಾಲಿದ ಬಿಲ್ಲೆ ಅವನನ್ನೇ ನೋಡುತ್ತಿರುವ ಹಾಗಿತ್ತು.

ಈ ಮನುಷ್ಯ ಆಗ ಯೋಚಿಸಿದ್ದನ್ನು ಉಪಕಾರ ಎಂದು ಕರೆದುಕೊಂಡ. ಇಂಥ ಬ್ರೇಕಿನಲ್ಲಿ ಇವನು ಎಲ್ಲಿ ಕಾಲು ಊರದೆ ಮುಗಿಸುತ್ತಾನೆ? ನಾನು ಸರಿ ಮಾಡಿದರೆ ಮುಗಿಸುತ್ತಾನೆ. ಮುಗಿಸಿದ ಮೇಲೆ ಯಾರ ಕೈಚಳಕ ಎಂದು ಎಲ್ಲರೆದುರು ಹೇಳಬಹುದು, ಆ "ಬೇಡ"ಕ್ಕೂ ಉತ್ತರ ಕೊಟ್ಟಂತಾಗುತ್ತದೆ. ಕೊನೆಯದೇ ನಿಜವಾದ ಕಾರಣ, ಉಳಿದದ್ದೆಲ್ಲ ಅದಕ್ಕೆ ಹೊದಿಸಿದ ಬಟ್ಟೆ. ಕಟ್ಟುಪಾಡಿನ ನೆನಪೂ ಆಯಿತು. ಅದು ಬ್ರೇಕ್ ಗೊತ್ತಿಲ್ಲದವರಿಗೆ ಎಂದುಕೊಂಡು ಸ್ಪ್ಯಾನರ್ ತೆಗೆದ. ಬಿಲ್ಲೆಯ ಎರಡೂ ಬದಿಯ ತಿರುಪು ಹದಕ್ಕೆ ತಂದು ಮಟ್ಟ ಮಾಡಿದ. ಲಿವರಿನ ಬುಡದ ತಿರುಪನ್ನು ಹೊರಕ್ಕೆ ತಿರುಗಿಸಿ ತಂತಿಯ ಸಡಿಲವನ್ನೆಲ್ಲ ಎಳೆದು, ನಟ್ಟು ಬಿಗಿದು, ಕಿರುಬೆರಳಿಂದ ಲಿವರನ್ನು ಸೋಕಿದ. ಚಕ್ರ ಕಚ್ಚಿ ನಿಂತಿತು. ಅವನಿಗೆ ಅವತ್ತು ಮೊದಲ ಸಲ ನಗು ಬಂತು.

ರೂಬೆನ್ ಬರುವಷ್ಟರಲ್ಲಿ ಅವನ ಹೆಸರು ಕೂಗಿಯಾಗಿತ್ತು. ಪಾನಕವನ್ನು ತಾಯಿಯ ಕೈಗಿತ್ತು, ಚರ್ಮದ ಕೈಗವಸು ಏರಿಸಿಕೊಂಡು, ಸೈಕಲ್ಲನ್ನು ಸೀಟು ಹಿಡಿದು ಬಯಲಿನ ನಡುವಿಗೆ ತಳ್ಳಿಕೊಂಡು ಓಡಿ, ಏನನ್ನೂ ನೋಡದೆ ಹತ್ತಿದ. ಸ್ವಲ್ಪ ಮುಂಚೆ ತಾನೇ ಒತ್ತಿ ನೋಡಿಟ್ಟ ಬ್ರೇಕು, ಮತ್ತೆ ನೋಡುವ ಅಗತ್ಯ ಅವನಿಗೇಕೆ ಬರಬೇಕು? ಹಿಂದಿನ ಚಕ್ರದ ಮೇಲೆ ಎದ್ದು ನಿಂತ. ಅಲ್ಲಿಂದ ಅವನು ಸುತ್ತು ಹೊಡೆಯಬೇಕಿತ್ತು. ಚಕ್ರ ಉರುಳಲೇ ಇಲ್ಲ. ಮುಂದಿನ ಚಕ್ರ ದಪ್ಪನೆ ನೆಲಕ್ಕೆ ಬಿತ್ತು, ಜೊತೆಗೆ ಕಾಲೂ. ಮತ್ತೆ ಎದ್ದ, ಮತ್ತೆ ಬಿದ್ದ. ಬಲಗೈಯನ್ನೊಮ್ಮೆ ನೋಡಿಕೊಂಡ, ಮತ್ತೆ ಪ್ರಯತ್ನಿಸಿದ. ಈ ಸಲ ಅಂಗಾತ ಬಿದ್ದ. ಎರಡು ನಿಮಿಷ ಬೀಳುವುದರಲ್ಲೇ ಕಳೆಯಿತು.

"ಸಾಕು ಬಾ ಮಗಾ," ಎಂದಳು ಒಫೇಲಿಯಾ ಕುರ್ಚಿಯಿಂದಲೇ. "ಎಲುಬು ಮುರ್ಕೋಬೇಡ. ನೋಡ್ದೆ, ಆಯ್ತು."

ವರ್ನನ ಮುಖ ಕೆಂಪೇರಿತು. ಬಿದ್ದವನ ಮೇಲಿನ ಮರುಕಕ್ಕಲ್ಲ. ತಾನು ಕಟ್ಟಿದ ಬ್ರೇಕಿನ ಮೇಲೆ ಒಬ್ಬ ಹೀಗೆ ಬೀಳಬಹುದೇ ಎಂಬ ಅವಮಾನಕ್ಕೆ.

"ಒಳ್ಳೇ ಬ್ರೇಕ್ ಮಾಡ್ಕೊಟ್ರೂ ಹಿಡಿಯೋಕೆ ಕೈ ಬೇಕಲ್ಲ," ಎಂದು ಗೊಣಗಿದ.

ಟೋಬಿ ಡೋನಟ್ ಅಗಿಯುವುದನ್ನು ನಿಲ್ಲಿಸಿದ. "ಮಾಡ್ಕೊಟ್ರೂ ಅಂದ್ರೆ? ಯಾರು ಮಾಡ್ಕೊಟ್ಟಿದ್ದು?"

ವರ್ನ್ ಸ್ಪ್ಯಾನರನ್ನು ಜೇಬಿಗೆ ಹಾಕಿಕೊಂಡ.

"ನೀನು ಅವ್ನ ಬ್ರೇಕ್ ಮುಟ್ಟಿದ್ಯಾ? ಕೇಳ್ದೆ?"

"ಸರಿ ಮಾಡ್ದೆ."

ಅಷ್ಟರಲ್ಲಿ ರೂಬೆನ್ ಸೈಕಲ್ ತಳ್ಳಿಕೊಂಡು ಬಂದಿದ್ದ. ಅವನು ಟೋಬಿಯ ಮಾತನ್ನೂ ಕೇಳಿದ, ಮಟ್ಟಸವಾಗಿ ಕೂತಿದ್ದ ಬಿಲ್ಲೆಯನ್ನೂ ನೋಡಿದ. ಕೂಗಾಡಬಹುದಿತ್ತು, ಹೊಡೆಯಬಹುದಿತ್ತು. ಹೊಡೆದಿದ್ದರೆ ವರ್ನನಿಗೇ ಹಾಯೆನಿಸುತ್ತಿತ್ತು, ಮುಂದಿನ ಹತ್ತು ವರ್ಷ ರೂಬೆನ್ ಒರಟ ಎಂದು ಹೇಳಿಕೊಂಡು ತಿರುಗಬಹುದಿತ್ತು. ರೂಬೆನ್ ಬಲಗೈಯ ಗವಸು ಕಳಚಿದ, ಅಷ್ಟೆ.

ನಡುಬೆರಳು, ತೋರುಬೆರಳು ಎರಡೂ ಕೊಕ್ಕೆಯ ಹಾಗೆ ಬಾಗಿ ನಿಂತಿದ್ದವು. "ಹಡಗಿನ ಹಗ್ಗ ರಾಟೆಗೆ ಎಳ್ಕೊಂತು," ಎಂದ. "ಇವು ನೆಟ್ಟಗಾಗಲ್ಲ. ಹ್ಯಾಂಡಲ್ ಹಿಡಿದ್ರೆ ಲಿವರ್ ಮೇಲೇ ಕೂತಿರ್ತವೆ. ನಿನ್ನ ಒಳ್ಳೇ ಬ್ರೇಕಲ್ಲಿ ನಾನು ಹತ್ತಿದಾಗಿಂದ ಇಳಿಯೋವರ್ಗೂ ಬ್ರೇಕ್ ಹಿಡ್ಕೊಂಡೇ ಇದ್ದೆ."

ರೂಬೆನ್ ಸ್ಪ್ಯಾನರಿಗೆ ಕೈ ಚಾಚಿದ, ವರ್ನ್ ಜೇಬಿನಿಂದ ತೆಗೆದುಕೊಟ್ಟ. ಎಡಗೈಯಲ್ಲಿ ನಟ್ಟು ಸಡಿಲಿಸಿ, ಲಿವರಿನ ತಿರುಪನ್ನು ಒಳಕ್ಕೆ ತಿರುಗಿಸುತ್ತ ಹೋದ. ನಡುನಡುವೆ ಬಾಗಿದ ಬೆರಳನ್ನಿಟ್ಟು ನೋಡಿಕೊಂಡ. ಬಿಲ್ಲೆ ಮೊದಲಿನ ಹಾಗೆ ಎಡಕ್ಕೆ ವಾಲಿತು. ವಾಲಿದರೆ ವಾಲಲಿ ಎಂದು ನಟ್ಟು ಬಿಗಿದ.

"ಒತ್ತಿ ನೋಡು. ನಾನೇ ಹೇಳ್ತಿದೀನಿ, ಕೇಳ್ಬೇಕಾಗಿಲ್ಲ."

ವರ್ನ್ ನೆಟ್ಟಗಿನ ಬೆರಳಿಂದ ಒತ್ತಿದ. ಲಿವರ್ ಸೋತ ಹಾಗೆ ಒಳಗೆ ಹೋಯಿತು.

"ಹಾಗಲ್ಲ," ಎಂದು ರೂಬೆನ್ ಅವನ ಎರಡು ಬೆರಳನ್ನು ತನ್ನ ಬೆರಳಿನ ಹಾಗೆ ಮಡಚಿ ಹಿಡಿದ. "ಈಗ."

ಮಡಚಿದ ಬೆರಳು ಲಿವರಿನ ಮೇಲೆ ಕೂತಾಗ ಚಕ್ರ ಅಡ್ಡಿಯಿಲ್ಲದೆ ತಿರುಗುತ್ತಿತ್ತು. ಇನ್ನೊಂದು ಚೂರು ಬಿಗಿ ಹಿಡಿದದ್ದೇ ತಡ, ಕಚ್ಚಿ ನಿಂತಿತು. ಹಿಂದಿಲ್ಲ, ಮುಂದಿಲ್ಲ. ಆ ಬಯಲಿನಲ್ಲಿ ತಾನು ಕಟ್ಟಿದ ಯಾವ ಬ್ರೇಕೂ ಇಷ್ಟು ಕರಾರುವಾಕ್ಕಾಗಿಲ್ಲ ಎಂದು ವರ್ನನಿಗೆ ಹೊಳೆಯಿತು. ಹೊಳೆದದ್ದು ಮುಖದ ಮೇಲೆ ಕಾಣದಿರಲಿ ಎಂದು ಅವನು ಕಡಲ ಕಡೆ ತಿರುಗಿದ.

ಅತ್ತ ಬಹುಮಾನ ಹಂಚುವ ಗದ್ದಲ ನಡೆದಿತ್ತು. ಇತ್ತ ಖಾಲಿ ಬಯಲಿನಲ್ಲಿ ರೂಬೆನ್ ತಾಯಿಯ ಕುರ್ಚಿಯ ಮುಂದೆ ಮತ್ತೆ ಹತ್ತಿದ. ಹಿಂದಿನ ಚಕ್ರದ ಮೇಲೆ ಎದ್ದು ಸುತ್ತು ಹೊಡೆದ, ಹ್ಯಾಂಡಲ್ ತಿರುಗಿಸಿದ, ಬಿಲ್ಲೆ ಲೊಟಲೊಟ ಎಂದಿತು, ಅವನು ಸುತ್ತುತ್ತಲೇ ಇದ್ದ. ಕೊನೆಯವರೆಗೂ ಕಾಲು ನೆಲಕ್ಕೆ ತಾಗಲಿಲ್ಲ. ಒಫೇಲಿಯಾ ಪಾನಕದ ಲೋಟ ಮಡಿಲಲ್ಲಿಟ್ಟು ಚಪ್ಪಾಳೆ ತಟ್ಟಿದಳು.

"ಆ ಬ್ರೇಕ್ ಕಟ್ಟಿಕೊಟ್ಟಿದ್ದು ಯಾರು?" ಎಂದು ಹೊರಗಿನಿಂದ ಬಂದ ಸವಾರನೊಬ್ಬ ಕೇಳಿದ. ಟೋಬಿ ಬೇಕೆಂದೇ ವರ್ನನ ಕಡೆ ಗದ್ದ ಎತ್ತಿ ತೋರಿಸಿದ. "ಗುರುಗಳನ್ನ ಕೇಳಿ."

"ಅವ್ನೇ ಕಟ್ಕೊಂಡಿದ್ದು," ಎಂದ ವರ್ನ್. ಅಷ್ಟಕ್ಕೆ ಬಿಡಬಹುದಿತ್ತು. "ಬಿಲ್ಲೆ ಮಾತ್ರ ವಾಲಿದೆ," ಎಂದು ಸೇರಿಸಿದ.

ಹೊರಡುವಾಗ ಒಫೇಲಿಯಾ ಅವನ ಪೆಟ್ಟಿಗೆಯ ಮುಂದೆ ನಿಂತಳು. ಮಗನ ಗವಸು ಅವಳ ಕೈಯಲ್ಲಿತ್ತು. ಅದರ ಎರಡು ಬೆರಳನ್ನು ಅವಳು ಬಾಗಿಸಿಯೇ ಹೊಲಿದಿದ್ದಳು. ಹತ್ತಿರಹತ್ತಿರ ಎರಡು ವರ್ಷ ಪ್ರತಿ ಭಾನುವಾರ ಆ ಗವಸು ವರ್ನನ ಕಣ್ಣಮುಂದೆಯೇ ಇತ್ತು.

"ನನಗೆ ಬ್ರೇಕು ಗೀಕು ತಿಳಿಯಲ್ಲಪ್ಪ," ಎಂದಳು. "ಗವಸು ಹೊಲಿಯೋಕೆ ಮುಂಚೆ ಕೈ ತೋರ್ಸೋ ಅಂದೆ. ಅಷ್ಟೆ."

ಮುಂದಿನ ಭಾನುವಾರ ವರ್ನ್ ಎಂದಿನಂತೆ ಬಂದು ಪೆಟ್ಟಿಗೆ ಬೋರಲು ಹಾಕಿದ. ಟೋಬಿ ಸೈಕಲ್ ಮುಂದಿಟ್ಟಾಗ ಬಿಲ್ಲೆಯನ್ನು ನೋಡಲಿಲ್ಲ.

"ಕೈ ತೋರ್ಸು," ಎಂದ.

ಟೋಬಿ ಹಿಟ್ಟು ಮೆತ್ತಿದ ಕೈ ಚಾಚಿದ. ವರ್ನ್ ಅದನ್ನು ತಿರುಗಿಸಿ, ಮಡಚಿ, ಬೆರಳುಗಳನ್ನು ಒಂದೊಂದಾಗಿ ಎಳೆದು ಬಹಳ ಹೊತ್ತು ನೋಡಿದ. ಆಮೇಲೆ ಕೈಗೂ ಮೂಗು ಮುರಿದ.