ಬೆಂಗಳೂರು ಸುತ್ತಿ ಬಂದ ಸದಾಶಿವ ಮಾವ

ಠಾಣೆ ಎಂಬ ಊರಿನ ಆಫೀಸಿಗೆ ಹೋಗಬೇಕಾದರೆ ನನ್ನ ಸೋದರಮಾವ ಸದಾಶಿವ ದಿನಾ ಮೊದಲು ಉಲ್ಟಾ ದಿಕ್ಕಿನ ಲೋಕಲ್ ರೈಲು ಹತ್ತುತ್ತಿದ್ದರು. ಮನೆಯಿದ್ದ ಡೊಂಬಿವಲಿಯಿಂದ ಹಿಂದಕ್ಕೆ ಕಲ್ಯಾಣ್‌ಗೆ ಹೋಗುವುದು, ಅಲ್ಲಿ ಖಾಲಿಯಾಗುವ ಗಾಡಿಯಲ್ಲೇ ಕಿಟಕಿ ಹಿಡಿದು ಕೂರುವುದು, ಮತ್ತೆ ಡೊಂಬಿವಲಿಯ ಮೇಲೆಯೇ ಠಾಣೆಗೆ! ಪ್ಲಾಟ್‌ಫಾರ್ಮಿನಲ್ಲಿ ಕಿತ್ತಾಡುವ ಜನರನ್ನು ನೋಡಿ ಒಳಗಿಂದ ನಗುವುದು ಬೇರೆ. "ದೂರದ ಲೆಕ್ಕ ಹಾಕುವವರು ನಿಂತ್ಕೊಂಡೇ ಇರ್ತಾರೆ ಮಾರಾಯ್ತಿ. ಮೊದಲು ಸೀಟ್ ನೋಡ್ಬೇಕು" ಎನ್ನುತ್ತಿದ್ದರು. ಕಾಲೇಜಿಗೆ ಜೊತೆಯಲ್ಲಿ ಹೋಗುವ ನನಗೋ ನಾಚಿಕೆ.

ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನೂ ನನ್ನನ್ನೂ ತಮ್ಮ ಎರಡು ಕೋಣೆಯ ಮನೆಗೆ ಕರೆತಂದವರು ಈ ಮಾವ. ಮಂಗಳೂರಿನಲ್ಲಿ ನನ್ನ ಮದುವೆ ಗೊತ್ತಾದಾಗ ನಾನು ಬೇಡಿದ್ದು ಒಂದೇ, ಅವರೇ ನನ್ನ ಕೈ ಹಿಡಿದು ಮಂಟಪಕ್ಕೆ ಕರೆದೊಯ್ಯಬೇಕು. ನಮ್ಮಲ್ಲಿ ಅದು ಸೋದರಮಾವನ ಹಕ್ಕು. ಆಫೀಸಿನಲ್ಲಿ ಆಡಿಟ್, ರಜೆ ಇಲ್ಲ. ಮದುವೆಯ ದಿನ ಬೆಳಗಿನ ವಿಮಾನಕ್ಕೇ ಬರುವುದೆಂದಾಯಿತು. ಏಳುನೂರು ಕಿಲೋಮೀಟರ್ ಆದರೂ ಬರೀ ಒಂದೂವರೆ ಗಂಟೆ, ಒಂದು ನಿದ್ದೆಗೂ ಸಾಲದು ಎಂದು ನಮ್ಮ ಬಿಲ್ಡಿಂಗಿನ ಸೊಸೈಟಿಯಲ್ಲೆಲ್ಲ ಸಾರಿಕೊಂಡು ಬಂದಿದ್ದರು.

ಮದುವೆಯ ಬೆಳಿಗ್ಗೆ ಅವರ ಫೋನು ಬಂತು. ವಿಮಾನ ರದ್ದಾಗಿತ್ತು. ಮುಂದಿನದು ಸಂಜೆಗೆ. ನಮ್ಮದೋ ಮಧ್ಯಾಹ್ನದ ಅಭಿಜಿನ್ ಲಗ್ನ.

"ನಾನು ಬೆಂಗಳೂರಿಗೆ ಹೊರಟೆ" ಎಂದರು ಮಾವ. "ಅಲ್ಲಿಂದ ಮಂಗಳೂರಿಗೆ ಸೀಟ್ ಉಂಟು. ನೀನು ಗಾಬರಿ ಮಾಡ್ಬೇಡ."

ಅಮ್ಮನಿಗೆ ಸಿಟ್ಟು ನೆತ್ತಿಗೇರಿತು. ಮಂಗಳೂರಿಗೆ ಬಾ ಎಂದರೆ ಘಟ್ಟ ಹತ್ತಿ ಕೂರುವ ಇವನಿಗೆ ತಲೆ ಸರಿ ಉಂಟಾ ಎಂದು ತಮ್ಮನನ್ನು ಬೈದದ್ದೇ ಬೈದದ್ದು. ಮುಹೂರ್ತ ಹತ್ತಿರವಾದಂತೆ ದೊಡ್ಡಪ್ಪ ಮೆಲ್ಲಗೆ, ಹಿರಿಯರು ಯಾರು ಕೈ ಹಿಡಿದರೂ ನಡೆಯುತ್ತದೆ ಎಂದರು. ನನಗೆ ಎಲ್ಲಿತ್ತೋ ಆ ಹಟ!

"ಮಾವ ಬರದೆ ನಾನು ಈ ಕುರ್ಚಿಯಿಂದ ಏಳುವುದಿಲ್ಲ" ಎಂದೆ. ಪುರೋಹಿತರು ಒಮ್ಮೆ ಗಡಿಯಾರ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು.

ಕೊನೆಗೂ ಹಾಲ್‌ನ ಬಾಗಿಲಲ್ಲಿ ಟ್ಯಾಕ್ಸಿ ನಿಂತಿತು. ಪ್ಯಾಂಟಿನ ಮೇಲೆಯೇ ಪಂಚೆ ಸುತ್ತಿಕೊಳ್ಳುತ್ತಾ ಮಾವ ಒಳಗೆ ಓಡಿ ಬಂದರು. ಎಷ್ಟು ದೂರ ಸುತ್ತಿ ಬಂದೆ ಮಾರಾಯ ಎಂದು ದೊಡ್ಡಪ್ಪ ಕೇಳಿದ್ದು ಅವರ ಕಿವಿಗೇ ಬೀಳಲಿಲ್ಲ. ನೇರ ನನ್ನ ಮುಂದೆ ಬಂದು ಕೈ ಚಾಚಿದರು.

"ಏಳು ಮಗಾ, ಹೋಗುವ."

ಅಳುವೂ ನಗುವೂ ಒಟ್ಟಿಗೇ ಬಂತು. ಓಲಗದವರು ಜೋರಾಗಿ ಊದಿದರು. ಇಲೆಕ್ಷನ್ ಗೆದ್ದವರ ಹಾಗೆ ಎದೆಯುಬ್ಬಿಸಿಕೊಂಡು ಮಾವ ನನ್ನನ್ನು ಮಂಟಪಕ್ಕೆ ನಡೆಸಿದರು. ಅಷ್ಟು ಸಂತೋಷ ನನಗೆ ಮತ್ತೆ ಯಾವತ್ತೂ ಆಗಿಲ್ಲ.

ಅವರು ತೀರಿಕೊಂಡು ಕೆಲವು ವರ್ಷಗಳಾದವು. ಕೊನೆಯ ಸಲ ಕಲ್ಯಾಣ್‌ನ ಆಸ್ಪತ್ರೆಗೆ ನೋಡಲು ಹೋದಾಗ ಪಕ್ಕದ ಹಾಸಿಗೆಯ ಮುದುಕರಿಗೆ ನನ್ನ ಮದುವೆಯ ಕಥೆ ಹೇಳುತ್ತಿದ್ದರು. ಕಥೆಯಲ್ಲಿ ವಿಮಾನವೂ ಇರಲಿಲ್ಲ, ಬೆಂಗಳೂರೂ ಇರಲಿಲ್ಲ. ನನ್ನತ್ತ ಬೆರಳು ತೋರಿಸಿ ಹೇಳಿದರು:

"ಇವಳೇ ನೋಡಿ. ನಾನು ಬರುವವರೆಗೆ ಎದ್ದಿಲ್ಲ ಹುಡುಗಿ."